ಕೂಗಿನ ಉಳಿದರ್ಧ

ಆ ದಡದಲ್ಲಿ ಮನೆಗೊಂದು ಕೂಗಿತ್ತು. ಬೇರೆ ಊರುಗಳಲ್ಲಿ ಮನೆಗೊಂದು ಬೀಗ ಇರುವ ಹಾಗೆ.

ಮಂಜು ಇಳಿದ ಸಂಜೆಗಳಲ್ಲಿ ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ದೋಣಿಯಲ್ಲಿದ್ದವರಿಗೆ ತಿಳಿಯುತ್ತಿರಲಿಲ್ಲ. ದಡದ ಉದ್ದಕ್ಕೂ ಅರ್ಧ ಮುಳುಗಿದ ಬಂಡೆಗಳು ರಾಕ್ಷಸನ ದವಡೆಯ ಹಾಗೆ ಬಾಯಿ ತೆರೆದು ಕೂತಿದ್ದವು. ಹಲ್ಲುಗಳ ನಡುವೆ ಒಂದು ದೋಣಿ ತೂರುವಷ್ಟು ಸಂದು. ಒಂದೊಂದು ಸಂದಿನ ಎದುರಿಗೆ ಒಂದೊಂದು ಮನೆ. ಅದಕ್ಕೇ ಹೆಂಗಸರು ತಂತಮ್ಮ ಮನೆಯ ಮುಂದಿನ ಮರಳಲ್ಲಿ ನಿಂತು ಕೂಗುತ್ತಿದ್ದರು. ದೋಣಿಯವನು ತನ್ನ ಮನೆಯ ಕೂಗನ್ನು ಹಿಡಿದುಕೊಂಡು, ಕತ್ತಲಲ್ಲಿ ಗೋಡೆ ಸವರಿಕೊಂಡು ಬರುವವನ ಹಾಗೆ, ಬಂಡೆ ದಾಟಿ ಬರುತ್ತಿದ್ದ.

ಕೂಗಿಗೆ ಎರಡು ಪಾಲು. ಮೊದಲರ್ಧ ದಡದ್ದು, ಉಳಿದರ್ಧ ದೋಣಿಯದ್ದು. ಉಳಿದರ್ಧವನ್ನು ಆ ಮನೆಯ ದೋಣಿಯವನು ಮಾತ್ರ ಬಾಯಲ್ಲಿ ಆಡಬೇಕು. ನೆರೆಯವರ ಕಿವಿಗೆ ಬಿದ್ದರೂ ಅವರ ನಾಲಿಗೆಗೆ ಬರಬಾರದು. ಯಾಕೆಂದರೆ ಉತ್ತರ ಬಂದ ಕೂಡಲೇ ಹೆಂಗಸು ಕೂಗು ನಿಲ್ಲಿಸಿ ಒಳಗೆ ಹೋಗಿ ಒಲೆ ಊದುತ್ತಾಳೆ. ಯಾರೋ ತಮಾಷೆಗೆ ಉತ್ತರ ಕೊಟ್ಟರೆ ನಿಜವಾದ ದೋಣಿ ಹಿಡಿಯಲು ಕೂಗಿಲ್ಲದೆ ಹಲ್ಲಿಗೆ ಸಿಗುತ್ತದೆ. ಆಟವಾಡುತ್ತ ಇನ್ನೊಂದು ಮನೆಯ ಉತ್ತರ ಹೇಳಿದ ಮಕ್ಕಳಿಗೆ ಅಜ್ಜಿಯರು ಕಾದ ಸೌಟು ತೋರಿಸುತ್ತಿದ್ದರು. ಇನ್ನೊಂದು ಕಟ್ಟಳೆಯೂ ಇತ್ತು: ಉತ್ತರ ಬರುವವರೆಗೆ ಕೂಗು ನಿಲ್ಲಿಸುವಂತಿಲ್ಲ.

ದಡದ ಕೊನೆಯ ಮನೆಯ ಕೂಗು ಹೀಗಿತ್ತು.

"ಒಲೇ ಉರೀತಿದೆ ಓ..."

ಅದಕ್ಕೆ ನೀರಿನ ಮೇಲಿಂದ ಉತ್ತರ: "ಕಾಲು ಒದ್ದೇ ಆಗಿದೆ ಓ..."

ಯಾವ ಕಾಲದ ಯಾವ ಅಜ್ಜಿ ಕಟ್ಟಿದ್ದೋ, ಒಲೆ ಮತ್ತು ಒದ್ದೆ ಕಾಲು ಬಿಟ್ಟು ಬೇರೇನೂ ಅವಳಿಗೆ ತೋಚಿರಲಿಲ್ಲ. ಆದರೆ ಮಂಜಿನಲ್ಲಿ ಸಿಕ್ಕಿಹಾಕಿಕೊಂಡವನಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ.

ಆ ಮನೆಯಲ್ಲಿ ಒಬ್ಬಳು ವಿಧವೆ, ಅವಳಿಗೆ ಒಬ್ಬಳು ಮಗಳು, ಒಬ್ಬ ಮಗ. ಮಗನನ್ನು ಅವಳು ಗುಬ್ಬಿ ಎಂದು ಕರೆಯುತ್ತಿದ್ದಳು. ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಅವನು ಒಬ್ಬನೇ ದೋಣಿ ತೆಗೆದುಕೊಂಡು ಹೋದ. ಸಂಜೆ ಮಂಜು ಬಂತು. ಮನೆಮನೆಯ ಕೂಗುಗಳೂ ಒಂದೊಂದಾಗಿ ಉತ್ತರ ಪಡೆದು ಒಳಗೆ ಹೋದವು. ಒಂದು ಕೂಗು ಮಾತ್ರ ಹೊರಗೇ ಉಳಿಯಿತು.

ಬೆಳಗಾದ ಮೇಲೆ ನಿಲ್ಲಿಸುತ್ತಾಳೆ ಎಂದುಕೊಂಡರು. ಮಳೆ ಶುರುವಾದರೆ ನಿಲ್ಲಿಸುತ್ತಾಳೆ ಎಂದುಕೊಂಡರು. ಮಗಳ ಮದುವೆಯ ದಿನವಾದರೂ ನಿಲ್ಲಿಸಬಹುದು ಎಂದುಕೊಂಡರು. ಮದುವೆಯ ಊಟದ ಎಲೆ ಬಿಟ್ಟೆದ್ದು ಕೈ ಕೂಡ ತೊಳೆಯದೆ ಮರಳಿಗೆ ಹೋಗಿ ಕೂಗಿ ಬಂದಳು. ಆಮೇಲೆ ಯಾರೂ ಏನೂ ಎಂದುಕೊಳ್ಳಲಿಲ್ಲ.

ವರ್ಷಗಳು ಹೋದವು. ಮೊದಲು ಮೀನು ಹೋಯಿತು, ಮೀನಿನ ಹಿಂದೆ ಗಂಡಸರು ಹೋದರು. ಉಳಿದ ಹೆಂಗಸರು ಖಾಲಿ ಬುಟ್ಟಿಗಳನ್ನು ಮಗುಚಿ ಹಾಕಿ ಅದರ ಮೇಲೆ ಕೂತು ಪರಸ್ಪರ ಹೇನು ನೋಡಿಕೊಳ್ಳುವ ಕಾಲ ಬಂತು. ಆಗ ಕ್ಯಾಮೆರಾ ಹಿಡಿದ ಒಬ್ಬಳು ಹುಡುಗಿ ದಾರಿ ತಪ್ಪಿ ಆ ಕಡೆ ಬಂದಳು. ಸೂರ್ಯ ಮುಳುಗುವ ಹೊತ್ತು. ಬಿಳಿ ಕೂದಲ ಹೆಂಗಸೊಬ್ಬಳು ಬರಿ ಸಮುದ್ರಕ್ಕೆ ಒಲೆ ಉರಿಯುತ್ತಿದೆ ಎಂದು ಹೇಳುತ್ತಿದ್ದಳು. ಹುಡುಗಿ ಅತ್ತಳು. ಅಳುತ್ತಲೇ ವಿಡಿಯೊ ಮಾಡಿದಳು.

ಅದನ್ನು ನೋಡಿದವರು ನೋಡಲು ಬಂದರು. ಬಂದವರಿಗೆ ಮಲಗಲು ಕೋಣೆ ಬೇಕಾಯಿತು, ಕೋಣೆಗೆ ನೀರು ಬೇಕಾಯಿತು, ನೀರು ತರಲು ರಸ್ತೆ ಬೇಕಾಯಿತು. ಹೋದ ಗಂಡಸರು ವಾಪಸು ಬಂದರು. ದೋಣಿಗಳಿಗೆ ಹಳದಿ ಬಣ್ಣ ಬಳಿದು, ಅತಿಥಿಗಳನ್ನು ಕೂರಿಸಿಕೊಂಡು ಬಂಡೆಗಳವರೆಗೆ ಹೋಗಿ, ಮಂಜು ಬೀಳುವ ಮುಂಚೆಯೇ ತಿರುಗಿ ಬಂದರು. ಶಾಲೆಗೆ ಸೋರದ ಮಾಡು ಬಂತು. ಹೆರಿಗೆ ನೋವು ಬಂದವರು ಮಂಚದ ಮೇಲೆ ಹೆರುವಂಥ ಆಸ್ಪತ್ರೆ ಬಂತು. ಯಾರೂ ಸುಳ್ಳು ಹೇಳುವಂತಿಲ್ಲ: ಆ ದಡ ಬದುಕಿಕೊಂಡಿತು.

ಮಗಳು ಮೊದಲ ಲಾಡ್ಜ್ ಕಟ್ಟಿಸಿದಳು. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಒಲೆ ಉರೀತಿದೆ' ಎಂದು ಬರೆಸಿದಳು. ಅಂದಿನಿಂದ ಊರಿಗೆಲ್ಲ ಅವಳು ಲಾಡ್ಜ್ ಅಕ್ಕ. ತಾಯಿಗೆ ಅತಿಥಿಗಳು ಕೂಗಮ್ಮ ಎಂದು ಹೆಸರಿಟ್ಟರು. ಇದನ್ನೆಲ್ಲ ನಡೆಸಲು ಒಂದು ಸಂಘವಾಯಿತು. ಅದರ ಅಧ್ಯಕ್ಷ ಐಸಣ್ಣ. ಹಿಂದೆ ಮೀನಿಗೆ ಐಸ್ ಮಾರುತ್ತಿದ್ದವನು, ಈಗ ಅತಿಥಿಗಳ ಲೋಟಕ್ಕೆ ಮಾರುತ್ತಿದ್ದ. "ಐಸ್ ಅದೇ ಕಣ್ರಪ್ಪಾ, ವಾಸನೆ ಮಾತ್ರ ಬೇರೆ" ಎಂದು ಅವನೇ ನಗುತ್ತಿದ್ದ.

ಸಂಘ ಕೂಗಮ್ಮನನ್ನು ರಾಣಿಯಂತೆ ನೋಡಿಕೊಂಡಿತು. ಅವಳು ಕೂಗುವ ಜಾಗಕ್ಕೆ ಕಂಬಿ ಹಾಕಿಸಿ, ನೋಡುವವರಿಗೆ ಮೆಟ್ಟಿಲು ಕಟ್ಟಿಸಿತು. ಅವಳ ಹಳೆಯ ಮನೆಯನ್ನು ಇದ್ದ ಹಾಗೇ ಇಡಬೇಕು ಎಂದು ನಿರ್ಣಯಿಸಿ, ಸುಣ್ಣ ಬಳಿಯದಂತೆ, ಬಿರುಕು ಮುಚ್ಚದಂತೆ ನಿಗಾ ಇಟ್ಟಿತು. ಅವಳ ಎರಡೂ ಕಣ್ಣಿಗೆ ಪೊರೆ ಬಂದು ಹಾಲಿನ ಹನಿ ಬಿದ್ದಂತಾದಾಗ, ಹೊಸ ಆಸ್ಪತ್ರೆಯ ಡಾಕ್ಟರು ಆಪರೇಷನ್ ಮಾಡಿಸಿ ಎಂದರು. ಐಸಣ್ಣ ಲಾಡ್ಜಿಗೆ ಬಂದು ಕೂತ.

"ಮಾಡಿಸೋಣಮ್ಮ, ಖಂಡಿತ ಮಾಡಿಸೋಣ. ಆದರೆ ನೋಡು, ಆ ಬಿಳಿ ಕಣ್ಣು ಫೋಟೋದಲ್ಲಿ ಹೇಗೆ ಬರುತ್ತೆ ಗೊತ್ತಾ? ಎದೆ ಝಲ್ ಅನ್ನುತ್ತೆ. ಈ ಸೀಸನ್ ಒಂದು ಮುಗಿಯಲಿ."

ಸೀಸನ್ನುಗಳು ಮುಗಿಯುತ್ತಲೇ ಇದ್ದವು. ಕಣ್ಣು ಹಾಗೇ ಇತ್ತು.

ಕೂಗಿ ಮುಗಿದ ಮೇಲೆ ಅತಿಥಿಗಳು ಕೂಗಮ್ಮನ ಸುತ್ತ ಕೂರುತ್ತಿದ್ದರು. ಅವಳು ಗುಬ್ಬಿಯ ಕಥೆ ಹೇಳುತ್ತಿದ್ದಳು. ಅವನು ಹುಟ್ಟಿದಾಗ ಅಳದೆ ಸೀನಿದ್ದು, ಹಗ್ಗ ಸುತ್ತುವ ರಾಟೆಗೆ ಕಿರುಬೆರಳು ಕೊಟ್ಟು ಅರ್ಧ ಕಳೆದುಕೊಂಡದ್ದು, ಜ್ವರ ಬಂದಾಗ ಚಂದ್ರನಿಗೂ ಕಂಬಳಿ ಹೊದಿಸು ಎಂದು ಹಟ ಹಿಡಿದದ್ದು. ಪಟ್ಟಣದಿಂದ ಬಂದ ಗೈಡ್ ಒಬ್ಬ ಅದನ್ನೆಲ್ಲ ಕಂಠಪಾಠ ಮಾಡಿಕೊಂಡು ಬೆಳಗಿನ ಹೊತ್ತು ಬಂದವರಿಗೆ ತಾನೇ ಹೇಳುತ್ತಿದ್ದ. ಹೇಳಿ ಹೇಳಿ ಕೂಗಮ್ಮನ ಹತ್ತಿರ ತನಗೆಂದು ಇಟ್ಟುಕೊಂಡ ಮಗ ಉಳಿಯಲಿಲ್ಲ. ಅವಳು ಹೇಳದೆ ಬಿಟ್ಟದ್ದೇನಾದರೂ ಇದ್ದರೆ ಅದು ಅವಳಿಗೂ ಮರೆತುಹೋಗಿತ್ತು.

ಅವಳು ಹೇಳದೆ ಇಟ್ಟುಕೊಂಡದ್ದು ಒಂದೇ, ಕೂಗಿನ ಉಳಿದರ್ಧ. ಅತಿಥಿಗಳು ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ. ಗೈಡ್ ಊರೆಲ್ಲ ಸುತ್ತಿದ; ನೆರೆಯ ಮುದುಕಿಯರು "ಅದು ಆ ಮನೆಯದಪ್ಪ, ನಮ್ಮ ಬಾಯಲ್ಲಿ ಬರೋದಿಲ್ಲ" ಎಂದು ಬಾಗಿಲು ಹಾಕಿಕೊಂಡರು. ಕೊನೆಗೆ ಅವನು ಲಾಡ್ಜ್ ಅಕ್ಕನ ಕೌಂಟರಿಗೆ ಬಂದ. ಆ ವರ್ಷ ಅತಿಥಿಗಳು ಕಡಿಮೆಯಾಗಿದ್ದರು. ಕಥೆ ಚೆನ್ನಾಗಿದೆ, ಆದರೆ ಕೊನೆಯೇ ಇಲ್ಲವಲ್ಲ ಎನ್ನುತ್ತಿದ್ದರಂತೆ.

"ಒಂದೇ ಒಂದು ಸಂಜೆ ಅಕ್ಕಾ" ಎಂದ ಗೈಡ್. "ಅಮ್ಮನಿಗೂ ಒಂದು ನೆಮ್ಮದಿ. ಪಾಪ, ಎಷ್ಟು ವರ್ಷದಿಂದ ಕೂಗ್ತಿದ್ದಾರೆ."

ಲಾಡ್ಜ್ ಅಕ್ಕ ಟವೆಲ್ ಮಡಿಸುತ್ತಿದ್ದಳು. ಮಡಿಸುತ್ತಲೇ, ತಲೆ ಎತ್ತದೆ, ಹೇಳಿಬಿಟ್ಟಳು.

ಆ ಸಂಜೆ ಬಂಡೆಗಳ ಆಚೆ ನಿಂತ ಹಳದಿ ದೋಣಿಯಿಂದ ಉತ್ತರ ಬಂತು. "ಕಾಲು ಒದ್ದೇ ಆಗಿದೆ ಓ..." ಕೂಗಮ್ಮನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಕಂಬಿಯ ಕೆಳಗೆ ನುಸುಳಿ ಸೀದಾ ನೀರಿಗೆ ಓಡಿದಳು. ಮೊಣಕಾಲು ಮಟ್ಟದ ನೀರಲ್ಲಿ ಕಲ್ಲು ಎಡವಿ ಬಿದ್ದಳು, ಮಣಿಕಟ್ಟು ಮುರಿಯಿತು. ಬಿದ್ದಲ್ಲಿಂದಲೇ, ಹಿಂದೆ ಓಡಿಬಂದ ಮಗಳನ್ನು ಕೇಳಿದಳು: "ಅವನೇನಾ? ಅವನೇನಾ?" ಜನ ಎದ್ದು ನಿಂತು ನೋಡುತ್ತಿದ್ದರು. "ಹೌದಮ್ಮ, ಅವನೇ. ನಿಜವಾಗ್ಲೂ ಅವನೇ" ಎಂದು ಮಗಳು ಅತ್ತಳು. ಸುಳ್ಳು ಹೇಳುವವಳ ಅಳುವಾದರೂ ಅಳು ನಿಜದ್ದೇ ಆಗಿತ್ತು. ಕೂಗಮ್ಮ ದೋಣಿಯಿಂದ ಇಳಿದವನ ಕೈ ಹಿಡಿದು ಬೆರಳು ಎಣಿಸಿದಳು. ಕಿರುಬೆರಳು ಪೂರ್ತಿ ಇತ್ತು.

ಅಂದಿನಿಂದ ಅವಳು ಮಗಳ ಮನೆಯಿಂದ ಬಂದ ಊಟ ತಿನ್ನುತ್ತಿದ್ದಳು, ಆದರೆ ಅವಳ ಮಾತು ನಂಬುತ್ತಿರಲಿಲ್ಲ. ಈಗ ಹಗಲು ಎಂದು ಮಗಳು ಹೇಳಿದರೆ, ಬಿಸಿಲಿಗೆ ಕೈ ಚಾಚಿ ನೋಡುತ್ತಿದ್ದಳು. ಕೂಗಲು ಹೋಗುವಾಗ ಮಡಿಲಲ್ಲಿ ಉರುಟು ಕಲ್ಲುಗಳನ್ನು ತುಂಬಿಕೊಳ್ಳತೊಡಗಿದಳು. ಯಾಕೆಂದರೆ ಉಳಿದರ್ಧ ಈಗ ಎಲ್ಲರದೂ ಆಗಿತ್ತು. ಅಂಗಿಗಳ ಮೇಲೆ ಅಚ್ಚಾಗಿತ್ತು. ಅತಿಥಿಗಳ ಮಕ್ಕಳು ಸಮುದ್ರದಲ್ಲಿ ಕುಣಿಯುತ್ತ "ಕಾಲು ಒದ್ದೆ ಓ, ಚಡ್ಡಿ ಒದ್ದೆ ಓ" ಎಂದು ಕಿರುಚುತ್ತಿದ್ದವು. ಸಂಜೆ ಯಾರಾದರೊಬ್ಬ ಪಡ್ಡೆ ಉತ್ತರ ಕೊಟ್ಟರೆ ಕೂಗಮ್ಮ ದನಿ ಬಂದ ಕಡೆಗೆ ಕಲ್ಲು ಬೀಸುತ್ತಿದ್ದಳು. ಜನ ಹೋ ಎಂದು ನಗುತ್ತ ತಪ್ಪಿಸಿಕೊಳ್ಳುತ್ತಿದ್ದರು. ಬಿದ್ದ ಕಲ್ಲನ್ನು ನೆನಪಿಗೆಂದು ಮನೆಗೆ ಒಯ್ಯುತ್ತಿದ್ದರು. ಕಥೆಗೆ ಕೊನೆ ಸಿಗದಿದ್ದರೂ ಕಲ್ಲು ಸಿಕ್ಕಿತು. ಅತಿಥಿಗಳು ಮತ್ತೆ ಹೆಚ್ಚಿದರು.

ಹೀಗಿರುವಾಗ ಗುಬ್ಬಿ ಬಂದ.

ಮಧ್ಯಾಹ್ನದ ಹೊತ್ತು, ಲಾಡ್ಜಿನ ಕೌಂಟರಿನಲ್ಲಿ. ಗಡ್ಡ ಅರ್ಧ ಬೆಳ್ಳಗಾಗಿತ್ತು. ಕೈಯಲ್ಲಿ ಒಂದು ಚೀಲ, ಕಾಲಲ್ಲಿ ಬೇರೆ ಬೇರೆ ಜೋಡಿಯ ಚಪ್ಪಲಿ.

"ಒಬ್ಬರೇನಾ? ಗುರುತಿನ ಚೀಟಿ ಕೊಡಿ" ಎಂದಳು ಲಾಡ್ಜ್ ಅಕ್ಕ, ಕೀಲಿಗಳ ಕಡೆ ನೋಡುತ್ತ.

"ಚೀಟಿ ಇಲ್ಲ."

"ಗುರುತಿಲ್ಲದೆ ರೂಮ್ ಕೊಡಕ್ಕಾಗಲ್ಲ ಸಾರ್."

ಅವನು ಎಡಗೈಯನ್ನು ಕೌಂಟರಿನ ಮೇಲೆ ಇಟ್ಟ. ಕಿರುಬೆರಳು ಅರ್ಧಕ್ಕೇ ನಿಂತಿತ್ತು. ಅವಳು ಅದನ್ನು ನೋಡಿ ಬೇಸರದಿಂದ ನಕ್ಕಳು. ಹೋದ ವರ್ಷವೂ ಒಬ್ಬ ಬೆರಳು ಮಡಿಸಿಕೊಂಡು ಬಂದಿದ್ದ, ಪುಕ್ಕಟೆ ಊಟ ಸಿಗುತ್ತದೆಂದು.

"ರಾಟೆ ತಿರುಗಿಸಿದ್ದು ನೀನು" ಎಂದ ಅವನು ಮೆಲ್ಲಗೆ. ಗಂಟಲು ಒಡೆದ ಕೊಳವೆಯ ಹಾಗೆ ಸದ್ದು ಮಾಡುತ್ತಿತ್ತು. "ನಾನು ಬೇಡ ಬೇಡ ಅಂದ್ರೂ ತಿರುಗಿಸಿದೆ. ಅಮ್ಮ ಹೊಡೀತಾಳೆ ಅಂತ ನೀನು ಅತ್ತೆ. ನಾನೇ ಬೆರಳಿಟ್ಟೆ ಅಂತ ಹೇಳಿದೆ ಅಲ್ವಾ ಅಕ್ಕ?"

ಅದು ಯಾವ ಅತಿಥಿಗೂ, ಯಾವ ಗೈಡಿಗೂ, ಹೆತ್ತ ತಾಯಿಗೂ ಗೊತ್ತಿರಲಿಲ್ಲ. ಅವಳ ಕೈಯಿಂದ ಕೀಲಿಗೊಂಚಲು ಜಾರಿತು. ಕೌಂಟರ್ ಸುತ್ತಿಕೊಂಡು ಬರುವಷ್ಟು ತಾಳ್ಮೆಯಿಲ್ಲದೆ ಅದರ ಮೇಲಿನಿಂದಲೇ ಬಾಗಿ ಅವನ ಕತ್ತು ಅಪ್ಪಿಕೊಂಡಳು. ಪಕ್ಕದಲ್ಲಿ ಬಿಸಿನೀರು ಬರುತ್ತಿಲ್ಲ ಎಂದು ದೂರಲು ಬಂದ ಅತಿಥಿ ಸುಮ್ಮನೆ ಹಿಂದಿರುಗಿದ.

ಬಟ್ಟೆ ಒಗೆಯುವ ಹಿಂದಿನ ಕೋಣೆಯಲ್ಲಿ ಅವನನ್ನು ಕೂರಿಸಿ ಊಟ ಹಾಕಿದಳು. ಅವನು ಬೇಗಬೇಗ ತಿಂದ, ತಟ್ಟೆಯ ಸುತ್ತ ಕೈ ಅಡ್ಡ ಇಟ್ಟುಕೊಂಡು. ಇಂಜಿನ್ ಕೆಟ್ಟದ್ದು, ಯಾವುದೋ ದೇಶದ ಕಾವಲು ದೋಣಿ ಎಳೆದುಕೊಂಡು ಹೋದದ್ದು, ಭಾಷೆ ಗೊತ್ತಿಲ್ಲದ ಸೆರೆಮನೆ, ಅಲ್ಲಿ ಹಿಡಿದ ಕೆಮ್ಮು, ಬಿಟ್ಟ ಮೇಲೆ ಊರಿನ ದಾರಿ ಕಂಡುಕೊಳ್ಳಲು ಬೇಕಾದ ವರ್ಷಗಳು. ಎಲ್ಲವನ್ನೂ ತುತ್ತುಗಳ ನಡುವೆ ಹೇಳಿದ. ಕೈ ತೊಳೆದು, "ಅಮ್ಮ ಎಲ್ಲಿ?" ಎಂದ.

ಆ ಹೊತ್ತಿಗೆ ಭಾವ ಬಂದಿದ್ದ. ಒಂದು ಕಾಲದಲ್ಲಿ ಬಲೆ ಎಳೆಯುತ್ತಿದ್ದವನು. ಈಗ ಹಳದಿ ದೋಣಿ ಓಡಿಸುತ್ತಿದ್ದ. ಮೈದುನನನ್ನು ನೋಡಿ ಅವನ ಮುಖದಲ್ಲಿ ಮೊದಲು ಸಂತೋಷ ಬಂತು. ಅದರ ಬೆನ್ನಿಗೇ ಲೆಕ್ಕ ಬಂತು.

"ಬಂದೆಯಲ್ಲಪ್ಪಾ, ಒಳ್ಳೆಯದಾಯ್ತು. ಸ್ವಲ್ಪ ಮಲಕ್ಕೋ. ನಾನೊಂದು ಮಾತು ಐಸಣ್ಣನಿಗೆ ಹೇಳಿ ಬರ್ತೀನಿ."

"ನಮ್ಮಮ್ಮನ್ನ ನೋಡಕ್ಕೆ ಐಸಣ್ಣನ್ನ ಕೇಳ್ಬೇಕಾ ಭಾವ?"

"ಕೇಳಬೇಕು ಅಂತಲ್ಲ... ಹೇಳಬೇಕು."

ಐಸಣ್ಣ ಬಂದವನೇ ಒಗೆದ ಹಾಸಿಗೆ ಬಟ್ಟೆಗಳ ಗಂಟಿನ ಮೇಲೆ ಕೂತ. ಗುಬ್ಬಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಕೊಳ್ಳುವ ಮೀನಿನ ಕಿವಿರು ನೋಡುವವನಂತೆ ನೋಡಿದ.

"ಅವನೇ. ಅಪ್ಪನ ಮೂಗು. ಬಾಪ್ಪಾ, ಬಾ. ಸತ್ತೇ ಹೋದೆ ಅಂದ್ಕೊಂಡು ನಿನ್ನ ಹೆಸರಲ್ಲಿ ಎಷ್ಟು ಐಸ್ ಮಾರಿಬಿಟ್ಟೆವಪ್ಪಾ ನಾವು!" ಎಂದು ಗಟ್ಟಿಯಾಗಿ ನಕ್ಕ. ಆಮೇಲೆ ದನಿ ತಗ್ಗಿಸಿದ. "ಒಂದು ಮಾತು ತಮ್ಮಾ. ಸೀಸನ್ ಈಗ ತಾನೇ ಶುರುವಾಗಿದೆ. ಮುಗಿಯೋವರೆಗೆ ಇಲ್ಲೇ ಹಿಂದೆ ಇರು. ತಿನ್ನು, ಮಲಗು, ಮೈ ತುಂಬಿಸ್ಕೋ. ಆಮೇಲೆ ನಾನೇ ಕೈ ಹಿಡಿದು ಅಮ್ಮನ ಹತ್ತಿರ ಬಿಡ್ತೀನಿ."

"ಇವತ್ತೇ ಹೋಗ್ತೀನಿ."

"ಇವತ್ತು ನೀನು ಹೋದ್ರೆ ನಾಳೆ ಅವಳು ಕೂಗಲ್ಲ."

"ಕೂಗೋದು ಯಾಕೆ? ನಾನು ಬಂದಿದೀನಲ್ಲ."

ಐಸಣ್ಣ ಕಿಟಕಿಯ ಹೊರಗೆ ಕೈ ತೋರಿಸಿದ. ಹೊರಗೆ ಹೊಸ ರಸ್ತೆ, ಆಸ್ಪತ್ರೆಯ ನೀಲಿ ಗೋಡೆ, ಶಾಲೆ ಬಿಟ್ಟು ಓಡಿ ಬರುತ್ತಿದ್ದ ಮಕ್ಕಳು. "ನೀನು ಹೋದ ಮೇಲೆ ಈ ದಡದಿಂದ ಎಷ್ಟು ಜನ ಸಮುದ್ರಪಾಲಾದರು ಅಂತ ನಿಮ್ಮಕ್ಕನ್ನ ಕೇಳು. ಅತಿಥಿಗಳು ಬರೋ ಮುಂಚೆ ವರ್ಷ ವರ್ಷ ಒಂದೊಂದು ಮನೆ ಬರಿದಾಗ್ತಿತ್ತು. ಅವರು ಬಂದ ಮೇಲೆ ಒಬ್ಬನೂ ಇಲ್ಲ. ಮಂಜು ಬೀಳೋ ಹೊತ್ತಿಗೆ ಎಲ್ಲ ಗಂಡಸರೂ ಮನೇಲಿರ್ತಾರೆ. ನಿಮ್ಮಮ್ಮ ಒಬ್ಬಳು ಕೂಗ್ತಾಳೆ ಅಂತಲೇ ಕಣಪ್ಪಾ ಇಲ್ಲಿ ಬೇರೆ ಯಾವ ತಾಯೀನೂ ಕೂಗಬೇಕಾಗಿಲ್ಲ."

ಅದು ಸುಳ್ಳಾಗಿರಲಿಲ್ಲ. ಒಗೆಯುವ ಯಂತ್ರ ಗುಡುಗುಡು ಎನ್ನುತ್ತಿತ್ತು.

ಗುಬ್ಬಿ ಎದ್ದು ಚೀಲ ಹೆಗಲಿಗೆ ಹಾಕಿಕೊಂಡ. "ಅಲ್ಲಿ ಸೆರೆಮನೇಲಿ ಗೋಡೆಗೆ ಕಿವಿಯಿಟ್ಟು ಮಲಗ್ತಿದ್ದೆ ಅಣ್ಣಾ. ಒಲೆ ಉರೀತಿದೆ ಅಂತ ಯಾರೋ ಅಂದ ಹಾಗೆ ಕೇಳ್ತಿತ್ತು. ದಿನಾ ಉತ್ತರ ಕೊಡ್ತಿದ್ದೆ. ಹುಚ್ಚ ಅಂತ ಹೊಡೀತಿದ್ರು. ಇನ್ನೊಂದು ದಿನಾನೂ ಆಗಲ್ಲ ನನ್ನ ಕೈಲಿ."

ಭಾವ ಬಾಗಿಲಿಗೆ ಅಡ್ಡ ನಿಲ್ಲಲು ಹೋದ. ಐಸಣ್ಣ ಕಣ್ಣಲ್ಲೇ ತಡೆದ.

"ಬಿಡಯ್ಯಾ. ತಾಯಿ ಮಗನಿಗೆ ಅಡ್ಡ ನಿಲ್ಲೋಕೆ ನಾವೇನು ರಾಕ್ಷಸರಾ? ಹೋಗಲಿ. ಹೋಗಪ್ಪಾ, ಸಂಜೆ ಎಲ್ಲರ ಜೊತೆ ಸಾಲಲ್ಲಿ ಹೋಗು. ಅವಳು ಕೂಗಿದಾಗ ಉತ್ತರ ಕೊಡು. ಟಿಕೆಟ್ ನಂದು" ಎಂದು ನಕ್ಕ.

ಗುಬ್ಬಿಗೆ ಅವನ ನಗುವಿನ ಅರ್ಥ ಆಗಲಿಲ್ಲ. ಲಾಡ್ಜ್ ಅಕ್ಕನಿಗೆ ಆಯಿತು. ಟವೆಲ್ ಮಡಿಸುತ್ತ ತಾನು ಹೇಳಿಬಿಟ್ಟ ಆ ಮೂರು ಮಾತನ್ನು ಈಗ ಯಾರು ಆಡಿದರೂ ಸಿಗುವುದು ಕಲ್ಲೇ. ತಮ್ಮ ಹೊರಗೆ ಹೋದ ಮೇಲೆ ಐಸಣ್ಣ ಅವಳ ಕಡೆ ತಿರುಗಿದ.

"ನೀನು ಏನೂ ಮಾಡಬೇಡಮ್ಮ. ಸುಮ್ಮನಿದ್ದರೆ ಸಾಕು."

ಸಂಜೆ ಮೆಟ್ಟಿಲುಗಳು ತುಂಬಿದ್ದವು. ಐಸ್ ಹಾಕಿದ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಸೂರ್ಯ ನೀರಿಗೆ ಮುಟ್ಟುವ ಹೊತ್ತಿಗೆ ಕೂಗಮ್ಮ ಬಿರುಕು ಗೋಡೆಯ ಮನೆಯಿಂದ ಹೊರಬಂದಳು, ಮಡಿಲ ತುಂಬ ಕಲ್ಲು. ಜನ ತಾವಾಗಿಯೇ ಸುಮ್ಮನಾದರು. ಗುಬ್ಬಿ ಕಂಬಿ ಹಿಡಿದುಕೊಂಡು ನಿಂತಿದ್ದ. ತಾಯಿ ಇಷ್ಟು ಚಿಕ್ಕವಳಾಗಿದ್ದಾಳೆ ಎಂದು ಅವನು ಎಣಿಸಿರಲಿಲ್ಲ. ಆ ಕಣ್ಣುಗಳನ್ನೂ ಎಣಿಸಿರಲಿಲ್ಲ.

"ಒಲೇ ಉರೀತಿದೆ ಓ..."

ದನಿ ಮಾತ್ರ ಅದೇ. ದನಿಗೆ ಮುಪ್ಪು ಹತ್ತಿರಲಿಲ್ಲ. ಗುಬ್ಬಿ ಒಡೆದ ಗಂಟಲನ್ನು ಎರಡೂ ಕೈಯಿಂದ ಹಿಡಿದುಕೊಂಡು, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದ.

"ಕಾಲು ಒದ್ದೇ ಆಗಿದೆ ಓ..."

ಮೆಟ್ಟಿಲುಗಳ ಮೇಲೆ ಕಿಸಕ್ಕೆಂದು ನಗು ಎದ್ದಿತು. ಕೂಗಮ್ಮ ದನಿ ಬಂದ ಕಡೆ ತಿರುಗಿದಳು. ಕೈ ಮಡಿಲಿಗೆ ಹೋಯಿತು. ಗುಬ್ಬಿ ತಪ್ಪಿಸಿಕೊಳ್ಳಬೇಕೆಂಬುದು ಗೊತ್ತಿಲ್ಲದವನ ಹಾಗೆ ನಿಂತೇ ಇದ್ದ. ಕಲ್ಲು ಹುಬ್ಬಿಗೆ ಬಡಿಯಿತು.

"ಓಹೋ!" ಎಂದು ಯಾರೋ ಚಪ್ಪಾಳೆ ತಟ್ಟಿದರು.

ಅವನು ಕಂಬಿ ದಾಟಿದ. ರಕ್ತ ಕಣ್ಣಿಗಿಳಿಯುತ್ತಿತ್ತು. ತಾಯಿಯ ಮುಂದೆ ಮಂಡಿಯೂರಿ ಅವಳ ಮುರಿದು ಕೂಡಿದ ಮಣಿಕಟ್ಟು ಹಿಡಿದು, ತನ್ನ ಎಡಗೈಯನ್ನು ಅವಳ ಅಂಗೈಯಲ್ಲಿ ಇಟ್ಟ. "ಅಮ್ಮಾ, ನಾನು ಗುಬ್ಬಿ."

ಅವಳ ಬೆರಳುಗಳು ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದವು. ಕಿರುಬೆರಳಿಗೆ ಬಂದು, ಅರ್ಧಕ್ಕೇ ನಿಂತ ಜಾಗದಲ್ಲಿ ತಾವೂ ನಿಂತವು. ಒಂದು ಗಳಿಗೆ ಅವಳ ಮುಖದ ಗೆರೆಗಳೆಲ್ಲ ಸಡಿಲವಾದವು. ನಂತರ ಬಿಗಿದವು.

"ಬೆರಳೂ ಹುಡುಕಿ ತಂದರಾ ಈ ಸಲ?" ಎಂದಳು. "ದನಿ ಮಾತ್ರ ಹೊಂದಿಸೋಕಾಗಲಿಲ್ಲ ಅಲ್ವಾ? ನನ್ನ ಮಗನ ದನಿ ಕೊಳಲಿನ ಹಾಗಿತ್ತು."

"ದನಿ ಹೋಯ್ತಮ್ಮ ನಂದು. ಕೇಳು, ಜ್ವರದಲ್ಲಿ ಚಂದ್ರನಿಗೆ ಕಂಬಳಿ..."

"ಹೊದಿಸು ಅಂದ. ಗೊತ್ತು. ಗೈಡ್ ದಿನಾ ಹೇಳ್ತಾನೆ."

"ಹುಟ್ಟಿದಾಗ..."

"ಸೀನಿದ. ಅದು ಅವರ ಮಕ್ಕಳಿಗೂ ಗೊತ್ತು." ಮೆಟ್ಟಿಲುಗಳ ಕಡೆ ಗಲ್ಲ ತೋರಿಸಿದಳು. ಮುಂದಿನ ಸಾಲಿನಲ್ಲಿ ಒಂದು ಮಗು ಹೌದೆಂದು ತಲೆಯಾಡಿಸಿತು.

ಲಾಡ್ಜ್ ಅಕ್ಕ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಸುಮ್ಮನಿದ್ದರೆ ಸಾಕಿತ್ತು. ಅವಳ ಕಣ್ಣೆದುರಿಗೆ ಗುಬ್ಬಿ ಬೆರಳಿನಿಂದ ರಕ್ತ ಸುರಿಸುತ್ತ, ಅಳಬೇಡ ಅಕ್ಕ, ನಾನೇ ಇಟ್ಟೆ ಅಂತ ಹೇಳ್ತೀನಿ ಎಂದ ಆ ದಿನ ಬಂತು. ಜನರನ್ನು ತಳ್ಳಿಕೊಂಡು ಮೆಟ್ಟಿಲಿಳಿದು ಬಂದು ತಾಯಿಯ ಕಾಲ ಹತ್ತಿರ ಕುಸಿದಳು.

"ಹೌದಮ್ಮ, ಅವನೇ. ನಿಜವಾಗ್ಲೂ ಅವನೇ."

ಕೂಗಮ್ಮ ಮಗಳ ತಲೆಯ ಮೇಲೆ ಕೈಯಿಟ್ಟಳು. ಬಹಳ ಮೆತ್ತಗೆ ಇಟ್ಟಳು.

"ಆವತ್ತೂ ಇದೇ ಮಾತು ಹೇಳಿದೆ ಮಗಳೇ. ಇದೇ ಥರ ಅತ್ತೆ."

"ಆವತ್ತು ಸುಳ್ಳು ಹೇಳಿದೆ. ಇವತ್ತು ನಿಜ ಅಮ್ಮಾ, ನನ್ನ ಮಕ್ಕಳಾಣೆ! ರಾಟೆ ತಿರುಗಿಸಿದ್ದು ನಾನು. ನಿನಗೆ ಹೇಳಿರಲಿಲ್ಲ. ಅವನಿಗೆ ಮಾತ್ರ ಗೊತ್ತಿತ್ತು..."

"ಇದು ಹೊಸದು" ಎಂದಳು ಕೂಗಮ್ಮ, ಜನರ ಕಡೆ ತಿರುಗಿ. "ಇದನ್ನ ಇಷ್ಟು ದಿನ ಯಾರೂ ಕಟ್ಟಿರಲಿಲ್ಲ."

ಮೆಟ್ಟಿಲುಗಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದವು. ಅಳುವವರು ಅತ್ತರು. ಇಂಥ ಸಂಜೆ ತಾವೆಂದೂ ಕಂಡಿಲ್ಲ ಎಂದರು. ಕೂಗಮ್ಮ ಗುಬ್ಬಿಯ ಕೈ ಬಿಟ್ಟು, ಮತ್ತೆ ಸಮುದ್ರಕ್ಕೆ ಮುಖ ಮಾಡಿದಳು. ಉತ್ತರ ಬಂದಿರಲಿಲ್ಲವಲ್ಲ, ಕೂಗು ನಿಲ್ಲಿಸುವಂತಿರಲಿಲ್ಲ.

ಲಾಡ್ಜ್ ಅಕ್ಕ ಸುಮ್ಮನೆ ಕೂರಲಿಲ್ಲ ಎಂದು ಹೇಳಲೇಬೇಕು. ಮರುದಿನವೇ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. "ನಾನು ಹೇಳಿದಾಗಲೇ ಕರೆತಂದಿದ್ದರೆ ಆಗ್ತಿತ್ತಮ್ಮ. ಈಗ ಪೊರೆ ತೆಗೆದರೂ ಹಿಂದೆ ನರವೇ ಹೋಗಿದೆ" ಎಂದರು. ಗುಬ್ಬಿ ಬೆಳಿಗ್ಗೆ ಬೆಳಿಗ್ಗೆ ಬಿರುಕು ಗೋಡೆಯ ಮನೆಗೆ ಹೋಗಿ ನೆನಪಿದ್ದದ್ದನ್ನೆಲ್ಲ ಹೇಳಿದ. ಅವಳಿಗೆ ನೆನಪಿದ್ದದ್ದು ಗೈಡಿಗೂ ನೆನಪಿತ್ತು. ಗೈಡಿಗೆ ಗೊತ್ತಿಲ್ಲದ್ದು ಅವಳಿಗೂ ನೆನಪಿರಲಿಲ್ಲ. ನೆರೆಯ ಮುದುಕಿಯರು ಬಂದು ಆಣೆ ಮಾಡಿ ಹೇಳುವ ಮನಸ್ಸು ಮಾಡಿದ್ದರು. ಆದರೆ ಅವರ ಮೊಮ್ಮಕ್ಕಳೆಲ್ಲ ಹಳದಿ ದೋಣಿ ಓಡಿಸುತ್ತಿದ್ದರು, ಮಂಜು ಬೀಳುವ ಮುಂಚೆ ಮನೆ ಸೇರುತ್ತಿದ್ದರು. ಬಾಗಿಲವರೆಗೆ ಬಂದವರು ಬಾಗಿಲಿಂದಲೇ ತಿರುಗಿ ಹೋದರು.

ಐಸಣ್ಣ ಅವನಿಗೆ ಕೆಲಸ ಕೊಟ್ಟ. ಕೆಟ್ಟ ಮನುಷ್ಯನಾಗಿದ್ದರೆ ಊರು ಬಿಡಿಸುತ್ತಿದ್ದ. ಅವನು ಹಾಗೆ ಮಾಡಲಿಲ್ಲ. "ದಿನಾ ಉತ್ತರ ಕೊಡು. ಹೇಗೂ ನಿನಗೆ ಕೊಡದೆ ಇರೋಕೆ ಆಗಲ್ಲ. ಗಡ್ಡ ಬೋಳಿಸಬೇಡ, ಚೆನ್ನಾಗಿದೆ."

ಗುಬ್ಬಿ ಒಪ್ಪಿದ. ಬೇರೆಲ್ಲಿ ಹೋದರೂ ಆ ಕೂಗು ಕೇಳುವುದಿಲ್ಲ ಎಂಬುದನ್ನು ಅವನು ಒಮ್ಮೆ ಕಲಿತಿದ್ದ.

ಈಗ ಪ್ರತಿ ಸಂಜೆ ತಾಯಿ ಕೂಗುತ್ತಾಳೆ, ಮಗ ಉತ್ತರ ಕೊಡುತ್ತಾನೆ, ತಾಯಿ ಕಲ್ಲು ಹೊಡೆಯುತ್ತಾಳೆ. ಮೆಟ್ಟಿಲುಗಳನ್ನು ಇನ್ನಷ್ಟು ಎತ್ತರಕ್ಕೆ ಕಟ್ಟಿಸಿದ್ದಾರೆ. ಆಸ್ಪತ್ರೆಗೆ ಇನ್ನೊಬ್ಬರು ಡಾಕ್ಟರು ಬಂದಿದ್ದಾರೆ. ಲಾಡ್ಜ್ ಅಕ್ಕನ ಮಹಡಿಯ ಮೇಲೆ ಮಹಡಿ ಏಳುತ್ತಿದೆ. ಅವಳು ಮಾತ್ರ ಸಂಜೆಯ ಹೊತ್ತು ಸಮುದ್ರದ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಒಗೆಯುವ ಯಂತ್ರ ಹಾಕಿಕೊಂಡು ಅದರ ಪಕ್ಕ ಕೂರುತ್ತಾಳೆ.

ದಿನ ಕಳೆದಂತೆ ಕೂಗಮ್ಮ ಆ ಒಡಕು ದನಿಗೆಂದು ಬೇರೆಯೇ ಕಲ್ಲು ಆರಿಸತೊಡಗಿದ್ದಾಳೆ. ಚಿಕ್ಕವು, ನುಣುಪಾದವು, ತಗಲಿದರೂ ನೋಯದಂಥವು. ಮೊನ್ನೆ ಊಟ ತಂದ ಮಗಳ ಕೈ ಹಿಡಿದು ಕೂರಿಸಿಕೊಂಡು, ಬಹಳ ಕಾಲದ ಮೇಲೆ ತಾನಾಗಿ ಮಾತಾಡಿದಳು.

"ದಿನಾ ಉತ್ತರ ಕೊಡ್ತಾನಲ್ಲ, ಆ ಕೆಮ್ಮಿನವನು. ಅವನಿಗೆ ಹೊತ್ತು ಹೊತ್ತಿಗೆ ಊಟ ಹಾಕ್ತಿದ್ದೀರಾ?"

"ಹಾಕ್ತಿದೀವಮ್ಮ."

"ಮಳೆ ಬರೋಕೆ ಮುಂಚೆ ಅವನ್ನ ಅವನೂರಿಗೆ ಕಳಿಸಿಬಿಡಿ" ಎಂದಳು ಕೂಗಮ್ಮ. "ಪಾಪ, ಅವನ ತಾಯಿ ಎಲ್ಲಿ ನಿಂತು ಕೂಗ್ತಿದ್ದಾಳೋ."